ಲಂಡನ್ನಿನಲ್ಲಿ ಕಂಡ ಕೆಂಪು ಸೆರಗು

ನಿಮ್ಮ ಮೊಮ್ಮಗಳು ಸಾವಿರಾರು ಮಂದಿಯ ನಡುವೆ ಕೂತಿದ್ದರೆ ಹೇಗೆ ಗುರುತು ಹಿಡಿಯುತ್ತೀರಿ, ಮುಖ ನೋಡಿಯೋ ಸೀರೆ ನೋಡಿಯೋ? ಮುಖ ಎಂದಿರಾದರೆ ನಿಮ್ಮ ಮನೆಯಲ್ಲಿ ಮಗ್ಗ ಇಲ್ಲ ಎಂದು ಇಲ್ಲಿಂದಲೇ ಹೇಳಬಲ್ಲೆ.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಸೀರೆ ನೇಯುವವರೇ ಹೆಚ್ಚು. ನಮ್ಮ ಕಣ್ಣಿಗೆ ಮೊದಲು ಬೀಳುವುದು ಸೆರಗು, ಆಮೇಲೆ ಅದನ್ನು ಹೊದ್ದವರು. ಒಮ್ಮೆ ರೋಣದ ಸಂತೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳ ಸೆರಗು ಹಿಡಿದು, "ಇದು ನಮ್ಮ ಮನಿ ಸೀರಿ" ಅಂದುಬಿಟ್ಟಿದ್ದೆ. ನೇಯ್ದವಳು ನಾನು ಎಂದು ಹೇಳುವಷ್ಟರಲ್ಲಿ ಆಕೆ, "ನಾ ಏನ್ ಕದ್ದೀನೇನ?" ಎಂದು ಅರ್ಧ ಸಂತೆಯನ್ನು ಕೂಡಿಸಿದ್ದಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮೊಮ್ಮಗಳು ಓದಲು ಲಂಡನ್ನಿಗೆ ಹೋಗಿದ್ದಳು. ಫೋನಿನಲ್ಲಿ ಕೇಳಿದಾಗಲೆಲ್ಲ "ಹೊಟ್ಟಿ ತುಂಬ ಉಣ್ತೀನಿ ಅಜ್ಜಿ" ಅನ್ನುವಳು. ದನಿ ಮಾತ್ರ ಯಾಕೋ ಸಣ್ಣಗಾದಂತೆ ನನಗೆ ಕೇಳುತ್ತಿತ್ತು. ಅವಳು ಸೊರಗಿದ್ದಾಳೋ ಇಲ್ಲವೋ ಒಮ್ಮೆ ಕಣ್ಣಾರೆ ನೋಡಬೇಕು, ಅಷ್ಟೇ ನನಗೆ ಬೇಕಿದ್ದದ್ದು. ಈಗ ಈ ಕತೆಯನ್ನು ಒತ್ತಿ ಬರೆಯುತ್ತಿರುವ ಫೋನಿನಲ್ಲೇ ದಿನಾ ಅವಳ ಮುಖ ಕಾಣುತ್ತದೆ. ಆಗ ಅದೆಲ್ಲಿತ್ತು? ಅಂಚೆಯಲ್ಲಿ ಫೋಟೋ ಬಂದವು. ಒಂದರಲ್ಲಿ ದೊಡ್ಡ ಗಡಿಯಾರ, ಒಂದರಲ್ಲಿ ಸೇತುವೆ, ಒಂದರಲ್ಲಿ ಅರಮನೆ. ಎಲ್ಲದರ ಬುಡದಲ್ಲೂ ಜೋಳದ ಕಾಳಿನಷ್ಟು ಮೊಮ್ಮಗಳು. ಕಾಳು ಸೊರಗಿದ್ದು ಹೇಗೆ ತಿಳಿಯಬೇಕು?

ಅಷ್ಟರಲ್ಲಿ ಅವಳು, "ಜಗತ್ತಿಗೇ ಹೆಸರಾದ ಟೆನಿಸ್ ನೋಡಾಕ ಹೊಂಟೀನಿ, ಟಿವ್ಯಾಗ ತೋರಸ್ತಾರ" ಅಂದಳು. ನಾನು ಬಿಡಲಿಲ್ಲ. "ನಾ ನೇಯ್ದು ಕೊಟ್ಟ ಸೀರಿ ಉಟ್ಕೊಂಡ ಹೋಗ. ಕೆಂಪ ಸೆರಗು, ನಡುವ ಬಿಳಿ ತೆನಿ ಚಿತ್ತಾರ. ದೂರದಿಂದ ಗುರ್ತ ಸಿಗತೈತಿ."

ಆ ಸಂಜೆ ಮಗ ಟಿವಿ ಹಚ್ಚಿದ. ನೂಲಿನ ಅಂಗಡಿ ಇಟ್ಟಿರುವ ಬಾಜು ಮನೆಯ ಬೀಬಿಯೂ ಬಂದು ಪಕ್ಕದಲ್ಲಿ ಕೂತಳು. ಹಸಿರು ಹುಲ್ಲಿನ ಮೇಲೆ ಬಿಳಿ ಬಟ್ಟೆ ತೊಟ್ಟ ಇಬ್ಬರು ಅತ್ತಿಂದಿತ್ತ ಓಡುತ್ತಿದ್ದರು. ಚೆಂಡು ಮಗ್ಗದ ಲಾಳಿಯಂತೆ ಆ ಕಡೆ ಈ ಕಡೆ. ಅಷ್ಟು ತಿಳಿಯಿತು. ಲೆಕ್ಕ ಮಾತ್ರ ತಿಳಿಯಲಿಲ್ಲ.

"ಹದಿನೈದ, ಮೂವತ್ತ, ಆಮ್ಯಾಲ ನಲವತ್ತ್ ಹ್ಯಾಂಗೋ? ನಲವತ್ತೈದ ಆಗಬೇಕಲ್ಲ?"

"ಅದು ಹಂಗ ಇರತೈತಿ ಯವ್ವಾ, ಸುಮ್ನ ನೋಡ" ಅಂದ ಮಗ.

"ಮಗ್ಗದ ಮ್ಯಾಲ ಹಿಂಗ ಎಣಿಸಿದ್ರ ಸೀರಿ ಗಿಡ್ಡ ಆಗತೈತಿ."

ಅಷ್ಟರಲ್ಲಿ ಮಂದಿಯನ್ನು ತೋರಿಸಿದರು. ಮೇಲಿನ ಸಾಲಿನಲ್ಲಿ ಕೆಂಪು, ನಡುವೆ ಬಿಳಿ!

"ಅಗೋ ನನ್ನ ಸೆರಗು! ಮೈ ತುಂಬ ಹೊದ್ದಾಳ! ನೋಡ್ರಿ, ಗಲ್ಲ ಹ್ಯಾಂಗ ತುಂಬ್ಯಾವ!"

ಬೀಬಿ ಬಗ್ಗಿ ನೋಡಿದಳು. "ಅಕ್ಕಾರ, ಆಕಿಗೆ ಗಡ್ಡ ಯಾವಾಗ ಬಂತ್ರೀ?"

"ಅದು ನೆರಳು."

ಚಿತ್ರ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ ಅದೇ ಕೆಂಪು, ಅದೇ ಬಿಳಿ. ಮತ್ತೆ ಕೆಳಗಿನ ಸಾಲಿನಲ್ಲಿ ಇಬ್ಬರು. ನಾನು ನೇಯ್ದು ಕಳಿಸಿದ್ದು ಒಂದೇ ಸೀರೆ.

"ಲಂಡನ್ನಿಗೆ ನಮ್ಮ ಸೀರಿ ಯಾರ ಮಾರಾಕ ಹತ್ಯಾರೋ?" ಎಂದು ಮಗನನ್ನು ಕೇಳಿದೆ. ಅವನು ಬಾಯಿಗೆ ಟವೆಲ್ ಒತ್ತಿಕೊಂಡು ಹೊರಗೆ ಎದ್ದುಹೋದ. ನನಗೇನಂತೆ? ಮೊದಲು ಕಂಡವಳೇ ನನ್ನ ಮೊಮ್ಮಗಳು ಎಂದು ಗಟ್ಟಿ ಮಾಡಿಕೊಂಡು, ಬಹಳ ದಿನಗಳ ಮೇಲೆ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಭಾನುವಾರ ಅವಳ ಫೋನ್ ಬಂತು.

"ನೋಡಿದೆ ಬಿಡವ್ವಾ ನಿನ್ನ. ಚಲೋ ಮೈ ತುಂಬ್ಕೊಂಡೀ" ಅಂದೆ.

"ನನ್ನ? ಎಲ್ಲಿ ನೋಡಿದಿ?"

"ಮ್ಯಾಲಿನ ಸಾಲಿನ್ಯಾಗ. ಸೆರಗ ಹೊದ್ಕೊಂಡ ಕುಂತಿದ್ದಿ."

ಅತ್ತ ಕಡೆ ನಗು ನಿಲ್ಲಲೊಲ್ಲದು. "ಅಜ್ಜಿ, ಅದು ಆಟ ಆಡಾವ ಒಬ್ಬನ ದೇಶದ ಕೆಂಪು-ಬಿಳಿ ಬಾವುಟ! ಅವನ ಕಡೆಯವ್ರು ಹೊದ್ಕೊಂಡ ಬರ್ತಾರ. ನಾ ಒಳಗ ಹೋಗೇ ಇಲ್ಲ. ಮುಂಜಾನಿಂದ ಪಾಳಿ ಹಚ್ಚಿ ನಿಂತ್ರೂ ಒಳಗಿನ ಟಿಕೇಟ್ ಸಿಗಲಿಲ್ಲ. ಹೊರಗ ಹುಲ್ಲಿನ ದಿಬ್ಬದ ಮ್ಯಾಲ ಕುಂತು ದೊಡ್ಡ ಟಿವ್ಯಾಗ ನೋಡಿದೆ."

"ಟಿವಿ ನೋಡಾಕ ಅಷ್ಟ ದೂರ ಹೋಗೀಯೇನ? ಇಲ್ಲೂ ಐತಲ್ಲ! ಸೀರಿ ಏನ್ ಮಾಡಿದಿ?"

"ಉಟ್ಟಿದ್ದೆ. ಥಂಡಿಗೆ ಮ್ಯಾಲ ಕೋಟ್ ಹಾಕಿದ್ದೆ."

ನಾನು ನೇಯ್ದ ಸೆರಗು ಕೋಟಿನೊಳಗೆ, ಅವಳು ದಿಬ್ಬದ ಮೇಲೆ, ನಾನು ನೋಡಿದ್ದು ಇನ್ಯಾರನ್ನೋ. ಹೆಚ್ಚಿಗೆ ಉಂಡ ಎರಡು ರೊಟ್ಟಿಯೂ ದಂಡವಾದವು.

"ಹಂಗಾರ ಖರೇ ಹೇಳ, ಖೋಡಿ. ಸೊರಗೀಯೋ ಇಲ್ಲೋ?"

"ಗಡ್ಡ ಬಿಟ್ಟ ಗಂಡಸ ನಿನಗ ಮೊಮ್ಮಗಳಂಗ ಕಂಡಾನಂದ್ರ ನಾ ಹೇಳಿ ಏನ್ ಉಪಯೋಗ? ದೀಪಾವಳಿಗೆ ಬರ್ತೀನಿ. ಆವಾಗರೇ ಸೆರಗ ಬಿಟ್ಟು ನನ್ನ ಮಾರಿ ನೋಡ!"