ತಾರ್ ಮಾಸ್ತರರ ಐದು ಅಕ್ಷರ

ಶಕುನ, ಗಾಳಿ, ದೆವ್ವ ಅಂತ ಯಾರಾದರೂ ಮಾತು ತೆಗೆದರೆ ಮೆಲ್ಲಗೆ ಎದ್ದು ಚಪ್ಪಲಿ ಹುಡುಕುವವರ ಪೈಕಿ ನಾನು. ನಮ್ಮೂರು ಹುಲಿಹೈದರದಲ್ಲಿ ನಮ್ಮ ಆಯಿ, ಅಂದರೆ ಅಜ್ಜಿ, ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ಅಂಥ ಕಥೆ ಎಷ್ಟು ಹೇಳಿದ್ದಾಳೋ ಏನೋ. ಅವಳಿಂದ ನಾನು ಮಾತು ಕಲಿತೆ, ನಂಬಿಕೆ ಕಲಿಯಲಿಲ್ಲ. ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದಮೇಲಂತೂ ಕೇಳುವುದೇ ಬೇಡ. “ಎಲ್ಲಾದಕ್ಕೂ ಒಂದು ಕಾರಣ ಇರತೈತಿ ಆಯಿ” ಅಂದರೆ, “ಇರವಲ್ದಾಕ ಬಿಡಪಾ, ನಿನಗ ಸಿಕ್ಕಾಗ ನನಗೂ ಹೇಳು” ಅನ್ನುತ್ತಿದ್ದಳು. ಅವಳು ಹೋಗಿ ಬಹಳ ವರ್ಷವಾಯಿತು. ಈಗ ಹೇಳಹೊರಟ ಸಂಗತಿಯ ಕಾರಣ ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನಂಬಿರಿ ಅಂತ ನಿಮ್ಮ ಕೈ ಹಿಡಿಯುವುದಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕುಷ್ಟಗಿಯ ಒಂದು ಬೀಜದ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಹೈಬ್ರಿಡ್ ಹತ್ತಿ ಬೀಜ ಮಾಡಿಸುವ ಕಂಪನಿ. ಒಂದು ತಳಿಯ ಮೊಗ್ಗಿನಿಂದ ಗಂಡು ಭಾಗ ಕಿತ್ತು ತೆಗೆದು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪುಡಿಯನ್ನು ಕೈಯಿಂದಲೇ ಅದಕ್ಕೆ ಸವರಬೇಕು. ಊರ ಮಂದಿಯ ಬಾಯಲ್ಲಿ ಅದು ‘ಕ್ರಾಸಿಂಗ್’. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಇಡೀ ಹಂಗಾಮು ಹೊಲದಲ್ಲಿ ನಿಂತು ಈ ಕೆಲಸ ಮಾಡುತ್ತಿದ್ದರು. ಯಾವ ತಳಿಗೆ ಯಾವ ತಳಿ ಕೂಡಿಸಿದ್ದು ಎಂಬುದೇ ಕಂಪನಿಯ ಗುಟ್ಟು. ಅದು ಒಮ್ಮೆ ಕಚೇರಿಯ ಕಾಗದದ ಮೂಲಕ ಹೊರಬಿದ್ದು, ಮರುವರ್ಷ ನಮ್ಮದೇ ಬೀಜ ಮತ್ತೊಬ್ಬರ ಚೀಲದಲ್ಲಿ ಸಂತೆಗೆ ಬಂದಿತ್ತು. ಅಂದಿನಿಂದ ಕಾಗದದ ಮೇಲೆ ಕಂಪನಿಯ ಒಡೆಯರಾದ ಸಾವಕಾರರಿಗೆ ವಿಶ್ವಾಸ ಹೋಯಿತು. ಕಂಪ್ಯೂಟರ್ ತರಿಸಿದರು. ಇನ್ನು ಮುಂದೆ ಚೀಲದ ಮೇಲೆ ಬರೀ ನಂಬರು. ಆ ನಂಬರಿನ ತಾಯಿ ಯಾವ ತಳಿ, ತಂದೆ ಯಾವ ತಳಿ ಎಂಬುದು ಕಂಪ್ಯೂಟರಿನ ಹೊಟ್ಟೆಯೊಳಗೆ ಮಾತ್ರ.

ಯಂತ್ರ ನಡೆಸಲು ನಾನು. ನನ್ನನ್ನೂ ಯಂತ್ರವನ್ನೂ ನಡೆಸಲು ಶರಣಪ್ಪ ಮಾಸ್ತರರು. ಟೆಲಿಗ್ರಾಂ ಕಳಿಸುವ ತಾರು ಕಚೇರಿಯಿಂದ ನಿವೃತ್ತರಾಗಿ ಕೊಪ್ಪಳದ ಮಗ್ಗುಲ ಭಾಗ್ಯನಗರದಲ್ಲಿದ್ದವರು. ಎಲ್ಲರಿಗೂ ಅವರು ತಾರ್ ಮಾಸ್ತರ್. “ಜೀವಮಾನ ಪೂರ್ತಿ ಮಂದಿ ಗುಟ್ಟು ಓದಿ ಹೊಟ್ಟ್ಯಾಗ ಇಟ್ಕೊಂಡಾರ. ಇಂಥೋರು ಬೇಕು ನನಗ” ಅಂತ ಸಾವಕಾರರು ಅವರನ್ನು ಕರೆತಂದಿದ್ದರು. ವಾರವೆಲ್ಲ ಕುಷ್ಟಗಿಯಲ್ಲಿದ್ದು, ರಜೆಗೆ ಮನೆಗೆ ಹೋಗುತ್ತಿದ್ದರು.

ಕಂಪ್ಯೂಟರೆಂದರೇನೆಂದು ಅವರಿಗೆ ಮೊದಲು ಗೊತ್ತಿರಲಿಲ್ಲ. ಆದರೆ ಒಂದು ಕೆಲಸವನ್ನು ಹೇಗೆ ದಡ ಮುಟ್ಟಿಸಬೇಕೆಂಬುದನ್ನು ಅವರಷ್ಟು ತಿಳಿದವರನ್ನು ನಾನು ಆಮೇಲೆ ದೊಡ್ಡ ದೊಡ್ಡ ಊರುಗಳಲ್ಲೂ ಕಾಣಲಿಲ್ಲ. ದಸರೆಯೊಳಗೆ ಎಲ್ಲ ಹಳ್ಳಿಗಳ ವಿವರವೂ ಕಂಪ್ಯೂಟರಿನಲ್ಲಿ ಬರಬೇಕೆಂದು ಸಾವಕಾರರು ಹಟ ಹಿಡಿದಾಗ ಮಾಸ್ತರರು ನಕ್ಕುಬಿಟ್ಟರು.

“ಮೊದಲ ಒಂದ ಊರು ಮಾಡ್ತೀವ್ರಿ. ಅದು ನೆಟ್ಟಗಾತಂದ್ರ ಎರಡನೇದು. ಕೂಸು ಹುಟ್ಟಿದ ದಿನಾನ ಹೊಲಕ್ಕ ಕಳಸ್ತಾರೇನ್ರಿ ಸಾವಕಾರ್ರ?”

ನಾನು ಬರೆದ ಪ್ರೋಗ್ರಾಮಿನಲ್ಲಿ ಯಾರು ತಪ್ಪು ಹುಡುಕಿದರೂ, ಚೀಲ ಹೊರುವ ಹಮಾಲನೇ ಹುಡುಕಿದರೂ, ಅವರಿಗೆ ಮಾಸ್ತರರ ಖರ್ಚಿನಲ್ಲಿ ಒಂದು ಪ್ಲೇಟು ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ ಭಜಿ. ತಪ್ಪು ಮಾಡಿದ ನನಗೂ ಅಷ್ಟೇ. “ಮಾಸ್ತರ, ಹೊಟ್ಟಿ ಉರಿಯಾಕತ್ತೈತ್ರಿ” ಅಂದರೆ, “ಮಿರ್ಚಿ ತಿಂದೋ, ತಪ್ಪು ಸಿಕ್ಕಿತಂತೋ?” ಅನ್ನುವರು. ಹಾಗಾಗಿ ನಮ್ಮ ಕಚೇರಿಯಲ್ಲಿ ತಪ್ಪು ಮುಚ್ಚಿಡುವವರೇ ಇರಲಿಲ್ಲ.

ಗುಟ್ಟಿನ ವಿಷಯದಲ್ಲಿ ಮಾತ್ರ ಅವರು ನಗುತ್ತಿರಲಿಲ್ಲ. ಕಂಪ್ಯೂಟರು ತೆರೆಯುವ ಬೀಗದ ಮಾತನ್ನು, ಅಂದರೆ ಪಾಸ್‌ವರ್ಡನ್ನು, ಎರಡು ಪಾಲು ಮಾಡಿದ್ದರು. ಮೊದಲ ಐದು ಅಕ್ಷರ ಅವರದು, ಆಮೇಲಿನ ಐದು ನನ್ನದು. ಒಬ್ಬರದು ಒಬ್ಬರಿಗೆ ತಿಳಿಯಬಾರದು. ಅಕ್ಷರಗಳಿಗೆ ಅರ್ಥವೂ ಇರಬಾರದು. “ಅರ್ಥ ಇರೋ ಮಾತು ಮನಸಿನ್ಯಾಗ ನಿಂದ್ರೂದಿಲ್ಲ ತಮ್ಮಾ, ಮಾರಿ ಮ್ಯಾಲೆ ಬರತೈತಿ” ಅನ್ನುವರು. ಮೂರು ಸಲ ತಪ್ಪಾಗಿ ಟೈಪು ಹೊಡೆದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುವಂತೆ ನನ್ನ ಕೈಯಿಂದಲೇ ಬರೆಸಿದ್ದರು. ನಕಲು ತೆಗೆದು ನೋಡಬಹುದಿತ್ತಲ್ಲ ಅಂತ ಈಗಿನ ಹುಡುಗರು ಕೇಳುತ್ತಾರೆ. ಮಾತು ಹೇಳದೆ ತೆಗೆದ ನಕಲು ಓದಲು ಬಾರದಂತೆ ಮಾಡಿಸಿದವರೂ ಅವರೇ.

ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ, ಗಿರಣಿಗಳಲ್ಲಿ ಪೂಜೆ ಮಾಡುತ್ತಾರಲ್ಲ, ನಮ್ಮ ಕಂಪ್ಯೂಟರಿಗೂ ಆವತ್ತು ಕಾಯಿ ಒಡೆಯುತ್ತಿದ್ದರು. ಪೂಜೆಯಾದ ಮೇಲೆ ಬೀಗದ ಮಾತು ಬದಲಾಗಬೇಕು. ಅವರು ಹೊಡೆಯುವಾಗ ನಾನು ಗೋಡೆ ನೋಡುತ್ತ ನಿಲ್ಲುವುದು, ನಾನು ಹೊಡೆಯುವಾಗ ಅವರು ಗೋಡೆ ನೋಡುವುದು. ಆಪತ್ತಿಗೆ ಇರಲೆಂದು ಅವರ ಪಾಲನ್ನು ಒಂದು ಲಕೋಟೆಯಲ್ಲಿಟ್ಟು, ಅರಗು ಹಾಕಿ, ಸಾವಕಾರರ ತಿಜೋರಿಗೆ ಸೇರಿಸುವರು. ಇದಕ್ಕಿಂತ ಎಚ್ಚರ ಮನುಷ್ಯನಿಂದ ಸಾಧ್ಯವೇ?

ಆದರೆ ಒಂದು ಅಮಾವಾಸ್ಯೆಯ ಸಂಜೆ ಸಾವಕಾರರು ಯಾವುದೋ ವ್ಯವಹಾರಕ್ಕೆಂದು ಗಂಗಾವತಿಗೆ ಹೋಗಿದ್ದರು. ತಿಜೋರಿಯ ಕೀಲಿ ಅವರ ಸೊಂಟದಲ್ಲಿ. ಮಾಸ್ತರರು ಮಾತು ಬದಲಿಸಿ, “ಇವತ್ತ ಬರದಿಡೂದ ಬ್ಯಾಡ, ನಾಳೆ ಬಂದು ಬರದು ಲಕೋಟಿ ಅವರ ಕೈಯಾಗ ಕೊಟ್ಟರಾತು” ಅಂತ ಊರಿಗೆ ಬಸ್ಸು ಹತ್ತಿದರು. ಮರುದಿನ ಮಾಸ್ತರರು ಬರಲಿಲ್ಲ, ಸುದ್ದಿ ಬಂತು. ಬೆಳಗಿನ ಜಾವ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ನಾಲಿಗೆ ಮೂರೂ ಬಿದ್ದುಹೋಗಿದ್ದವು. ಕೊಪ್ಪಳದ ಆಸ್ಪತ್ರೆಗೆ ಸೇರಿಸಿದ್ದರು.

ಬೀಜ ನೋಡಿ ಪಾಸು ಮಾಡುವ ಅಧಿಕಾರಿಗಳು ಬರಲು ಎರಡೇ ದಿನ ಉಳಿದಿತ್ತು. ಯಾವ ಚೀಲದ ತಾಯಿ-ತಂದೆ ಯಾರೆಂದು ತೋರಿಸದಿದ್ದರೆ ಅಷ್ಟೂ ಚೀಲ ಎಣ್ಣೆ ಗಿರಣಿಗೆ ಹೋಗಬೇಕಾದದ್ದೇ. ಹತ್ತಿಕಾಳಿನ ಮುಖ ನೋಡಿ ಇದು ಇಂಥದೇ ಅಂತ ಯಾರೂ ಹೇಳಲಾರರು. ಗಂಗಾವತಿಯಿಂದ ಓಡಿ ಬಂದ ಸಾವಕಾರರೂ ನಾನೂ ತಿಜೋರಿಯಲ್ಲಿದ್ದ ಹಿಂದಿನ ಲಕೋಟೆ ಒಡೆದೆವು. ಹಳೆಯದೆಂದು ಗೊತ್ತಿದ್ದರೂ, ಮಾಸ್ತರರು ಅದನ್ನೇ ಮತ್ತೆ ಇಟ್ಟಿರಬಹುದೇ ಎಂಬ ಆಸೆ. ತಪ್ಪೆಂದು ಬಂತು. ಆಮೇಲೆ ಸಾವಕಾರರು ನನ್ನ ಹೆಗಲ ಮೇಲೆ ಬಾಗಿ, “ನಮ್ಮ ಮನಿದೇವರ ಹೆಸರು ಹಾಕೋ. ಮಾಸ್ತರು ಅದನ್ನ ಇಟ್ಟಿರ್ತಾರ” ಅಂದರು. “ಅವರು ಅರ್ಥ ಇರೋದು ಇಡೂದಿಲ್ರಿ.” “ದೇವರಿಗೆ ಅರ್ಥ ಹಚ್ಚಾಕ ಬಂದ್ಯೇನಲೇ, ಹಾಕು!” ಹಾಕಿದೆ. ಅದೂ ತಪ್ಪು. ಇನ್ನು ಒಂದೇ ಸಲ ಉಳಿಯಿತು. ಸಾವಕಾರರು ಮುಖದ ಬೆವರು ಒರೆಸಿಕೊಂಡು, ಮಾಸ್ತರರನ್ನೇ ಕೇಳಲೆಂದು ಜೀಪು ಹತ್ತಿ ಕೊಪ್ಪಳಕ್ಕೆ ಹೋದರು.

ನಾನು ಒಬ್ಬನೇ ಉಳಿದೆ. ಒಬ್ಬನೇ ಅನ್ನುವಂತಿಲ್ಲ, ಬಾಗಿಲಲ್ಲಿ ಹೊನ್ನವ್ವ ಕೂತಿದ್ದಳು. ಯಲಬುರ್ಗಾ ಕಡೆಯ ಹೆಣ್ಣುಮಗಳು, ಕ್ರಾಸಿಂಗ್ ಕೆಲಸದಲ್ಲಿ ತನ್ನ ಊರ ಹೆಂಗಸರಿಗೆಲ್ಲ ಮುಂದಾಳು. ತನ್ನ ಹೊಲದ ಚೀಲಗಳ ಸಂಗಡ ಬಂದವಳು ಸುದ್ದಿ ಕೇಳಿ ಅಲ್ಲೇ ಕೂತುಬಿಟ್ಟಿದ್ದಳು. ಬೀಜ ಪಾಸಾದರೆ ಹೊಲದಲ್ಲಿ ಬಾವಿ ತೋಡಿಸಬೇಕೆಂದು ಜಾಗ ಸಹ ನೋಡಿಟ್ಟಿದ್ದಳು.

“ಒಂದೊಂದು ಹೂವಿಗೂ ಕೈ ಮುಟ್ಟಿಸೀವಿ ತಮ್ಮಾ. ಕೂಸಿನ ಕಣ್ಣಿಗೆ ಕಾಡಿಗಿ ಹಚ್ಚಿದಂಗ ಹಚ್ಚೀವಿ. ಅದನ್ನ ದನಕ್ಕ ಹಾಕ್ತೀರೇನು?”

“ಮಾಸ್ತರಿಗೆ ಮಾತು ಬರವಲ್ದು ಯಕ್ಕಾ.”

“ನಿನಗ ಬರತೈತಲ್ಲ, ನೀನರ ಏನರ ಮಾಡು.”

ಇಳಿಹೊತ್ತಿನ ಬಿಸಿಲು. ಎಲ್ಲವೂ ಬೆಳ್ಳಗೆ ಕಾಣುವ ಹೊತ್ತು, ದೆವ್ವ ಹೊರಡುವ ಹೊತ್ತಲ್ಲ. ಮೇಲೆ ಫ್ಯಾನು ಒಂದೇ ಸಮನೆ ತಿರುಗುತ್ತಿತ್ತು. ಮೇಜಿನ ಕೆಳಗೆ ಸ್ಟೆಬಿಲೈಸರ್ ಪೆಟ್ಟಿಗೆ. ಕರೆಂಟು ಏರುಪೇರಾದಾಗೆಲ್ಲ ಅದು ಒಳಗೊಳಗೇ ಕಟ್ ಕಟ್ ಅನ್ನುವುದು ದಿನದ ಪಾಡು. ಆಗಲೂ ಅದು ಕಟ್ ಅಂದಿತು. ನಾನು ಗಮನ ಕೊಡಲಿಲ್ಲ. ಮತ್ತೆ ಅಂದಿತು. ಹೊನ್ನವ್ವ ತಲೆ ಎತ್ತಿ, “ಹಲ್ಲಿ ನುಡಿಯಾಕತ್ತೈತಿ ನೋಡು, ಕೃಷ್ಣ ಕೃಷ್ಣ” ಅಂತ ಬೆರಳಿನಿಂದ ನೆಲ ತಟ್ಟಿದಳು.

ಅವಳ ಬೆರಳು ತಟ್ಟುವುದು ನೋಡಿ ನನಗೆ ಮಾಸ್ತರರ ಬೆರಳು ನೆನಪಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಕರೆಂಟು ಹೋಗಿ ನಾವು ಸುಮ್ಮನೆ ಕೂತಾಗ ಮಾಸ್ತರರು ನನಗೆ ತಾರಿನ ಭಾಷೆ ಕಲಿಸಿದ್ದರು. ತಾರಿನ ಯಂತ್ರದಲ್ಲಿ ಸದ್ದು ಉದ್ದವಾಗುವುದಿಲ್ಲ. ಒಂದು ಕಟ್ ಆದಮೇಲೆ ಇನ್ನೊಂದು ಕಟ್ ಬರುವ ತನಕದ ಬಿಡುವೇ ಗಿಡ್ಡ ಅಥವಾ ಉದ್ದ. ಆ ಗಿಡ್ಡ ಉದ್ದಗಳನ್ನು ಕೂಡಿಸಿದರೆ ಇಂಗ್ಲಿಷ್ ಅಕ್ಷರ. ಪ್ರತಿಯೊಬ್ಬರ ಬೆರಳಿಗೂ ಒಂದು ನಡಿಗೆ ಇರುತ್ತದೆ, ಕೈಬರಹ ಇದ್ದಹಾಗೆ. ಮಾಸ್ತರರು ಅಕ್ಷರದ ಕೊನೆಯ ಉದ್ದವನ್ನು ಒಂದು ಚೂರು ಹೆಚ್ಚೇ ಎಳೆಯುವರು. ನಾನು ಕೆಲಸದಲ್ಲಿ ಮೈಮರೆತು ಕೂತರೆ ಮೇಜಿನ ಮೇಲೆ ಕೀಲಿಯಿಂದ ಅದೇ ರೀತಿ ಬಡಿದು ಎಚ್ಚರಿಸುವರು.

ಪೆಟ್ಟಿಗೆಯಿಂದ ಬರುತ್ತಿದ್ದುದು ಆ ನಡಿಗೆ.

ಒಂದು ಅಕ್ಷರ ಬಂತು. ಎರಡು, ಮೂರು ಬಂದವು. ಅಲ್ಲಿಗೆ ನಿಂತಿತು. ನಾನು ಮೇಜಿನ ಕೆಳಗೆ ಬಗ್ಗಿ ಪೆಟ್ಟಿಗೆಗೆ ಕಿವಿಗೊಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಉಳಿದ ಎರಡು ಬಂದವು. ಆಮೇಲೆ ಐದನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಿ ಪೆಟ್ಟಿಗೆ ಸುಮ್ಮನಾಯಿತು. ಫ್ಯಾನು ಮಾತ್ರ ಮೊದಲಿದ್ದಂತೆಯೇ ತಿರುಗುತ್ತಿತ್ತು. ಕರೆಂಟು ಏರಿಳಿದರೆ ಮೊದಲು ತಿಳಿಯುವುದು ಫ್ಯಾನಿನಲ್ಲೇ.

ಆ ಐದು ಅಕ್ಷರಕ್ಕೆ ಯಾವ ಅರ್ಥವೂ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಅರ್ಥವಿದ್ದಿದ್ದರೆ ನನ್ನ ಮನಸ್ಸೇ ಕಟ್ಟಿಕೊಂಡದ್ದು ಅಂತ ಬಿಟ್ಟುಬಿಡುತ್ತಿದ್ದೆ. ಹೊಡೆಯಬೇಕೋ ಬೇಡವೋ? ತಪ್ಪಾದರೆ ಇಷ್ಟು ಹಳ್ಳಿಗಳ ಹಂಗಾಮು ನನ್ನ ಬೆರಳ ತುದಿಯಿಂದ ಬೂದಿಯಾಗುತ್ತದೆ. ಸ್ಟೆಬಿಲೈಸರ್ ಹೇಳಿತು ಅಂತ ಯಾರ ಮುಂದೆ ಹೇಳಲಿ? ಮಾಸ್ತರರಾದರೆ ಈ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಅಂತ ಯೋಚಿಸಿದೆ. ಬಂದ ತಾರನ್ನು ಅವರು ಒಂದು ದಿನವೂ ಇದು ನಿಜವೋ ಸುಳ್ಳೋ ಅಂತ ಕೇಳಿದವರಲ್ಲ. ಬಂದದ್ದನ್ನು ಬಂದ ಹಾಗೆ ಮುಟ್ಟಿಸುವುದೇ ಅವರ ಧರ್ಮ.

ಅವರ ಐದು ಹೊಡೆದೆ. ನನ್ನ ಐದು ಹೊಡೆದೆ. ಕಣ್ಣು ಮುಚ್ಚಿಕೊಂಡು ಕೊನೆಯ ಕೀಲಿ ಒತ್ತಿದೆ.

“ಏನೋ ಬಂತು ನೋಡೋ ತಮ್ಮಾ” ಅಂದಳು ಹೊನ್ನವ್ವ. ಕಣ್ಣು ತೆರೆದರೆ ಪರದೆಯ ತುಂಬ ಹಳ್ಳಿಗಳ ಹೆಸರು, ಚೀಲದ ನಂಬರು, ತಾಯಿ, ತಂದೆ.

ಕತ್ತಲಾಗುವ ಹೊತ್ತಿಗೆ ಸಾವಕಾರರು ಬಂದರು. ಬೀಗ ತೆರೆದದ್ದು ಕೇಳಿ ಕುರ್ಚಿಯಲ್ಲಿ ಕುಸಿದು ಕೂತರು. ಹೇಗೆ ಅಂತ ಕೇಳಿದಾಗ ನಾನು ಹೇಳಲು ಬಾಯಿ ತೆರೆಯುವ ಮೊದಲೇ ತಮ್ಮ ಪಾಡು ಹೇಳತೊಡಗಿದರು. ಮಾಸ್ತರರ ಮಗ್ಗುಲಲ್ಲಿ ಕೂತು ಎಷ್ಟು ಬೇಡಿಕೊಂಡರೂ ಅವರಿಂದ ಒಂದು ಶಬ್ದ ಹೊರಡಲಿಲ್ಲವಂತೆ. “ಎಡಗೈ ಬೆರಳೊಂದು ಮಂಚದ ಕಬ್ಬಣಕ್ಕ ಬಡೀತಿತ್ತು, ಪಾಪ. ನರದ ನಡುಕ ಅಂದ್ರು ಡಾಕ್ಟರು. ಅವರ ಹೆಣತಿ ನೋಡಲಾರದ ಕೈ ಹಿಡಕೊಂಡ್ರು. ಮಾಸ್ತರು ಆ ತಾಯಿ ಮಾರಿ ನೋಡಿದ್ರು ನೋಡು, ಆಕಿ ಕೈ ಬಿಟ್ಟುಬಿಟ್ರು. ಮತ್ತ ಬಡಿಯಾಕ ಸುರು.”

“ಯಾವಾಗ್ರಿ?”

“ಯಾವಾಗ ಅಂದ್ರ? ನಾನು ಹೋದ ಕೂಡಲೇ. ಇಳಿಹೊತ್ತಿನ್ಯಾಗ.”

ನಾನು ಆವತ್ತು ಅವರಿಗೆ ಏನೂ ಹೇಳಲಿಲ್ಲ. ಆ ಹೊತ್ತಿಗೆ ಕರೆಂಟು ಏರುಪೇರಾಗಿತ್ತೇ ಅಂತ ತಿಳಿದ ಲೈನ್‌ಮನ್‌ನನ್ನು ಆಮೇಲೆ ಕೇಳಿದೆ, ಇಲ್ಲ ಅಂದ. ಪೆಟ್ಟಿಗೆ ಬಿಚ್ಚಿಸಿ ನೋಡಿದೆ, ಕೆಟ್ಟದ್ದೇನೂ ಕಾಣಲಿಲ್ಲ. ಮಾಸ್ತರರು ಹೊಡೆಯುವಾಗ ನಾನು ಗೋಡೆಯ ಕಡೆ ನಿಂತಿದ್ದ ಜಾಗದಲ್ಲಿ ಗಾಜು, ಕನ್ನಡಿ ಏನಾದರೂ ಇತ್ತೇ ಅಂತ ಮತ್ತೆ ನಿಂತು ಪರೀಕ್ಷೆ ಮಾಡಿದೆ. ಸುಣ್ಣದ ಗೋಡೆ, ಅಷ್ಟೇ. ಬೀಜ ಪಾಸಾಯಿತು. ಹೊನ್ನವ್ವನ ಬಾವಿಗೆ ನೀರೂ ಬಿತ್ತು. ಅವಳು ಈ ಸಂಗತಿ ಹೇಳುವಾಗ ಇಂದಿಗೂ ಹಲ್ಲಿ ನುಡಿದದ್ದೆಂದೇ ಹೇಳುತ್ತಾಳೆ.

ಮಾಸ್ತರರನ್ನು ಮನೆಗೆ ಕರೆತಂದ ಮೇಲೆ ನಾನು ಭಾಗ್ಯನಗರಕ್ಕೆ ಹೋದೆ. ಅವರ ಹೆಂಡತಿ ಪಾರವ್ವನವರು ಮಂಚದ ಬಳಿ ಸ್ಟೂಲು ಹಾಕಿಕೊಟ್ಟರು. ಮಾಸ್ತರರು ಬಹಳ ಇಳಿದುಹೋಗಿದ್ದರು, ಕಣ್ಣು ಮಾತ್ರ ಹಾಗೇ ಇದ್ದವು. ಬಾಯಿಬಿಟ್ಟು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವರು ಕಲಿಸಿದ ಭಾಷೆಯಲ್ಲೇ, ಮಂಚದ ಕಬ್ಬಿಣದ ಮೇಲೆ ಬೆರಳಿನಿಂದ ತಟ್ಟಿ ಕೇಳಿದೆ: ಆವತ್ತು ಕಳಿಸಿದವರು ನೀವೇನಾ?

ಅವರು ಪೂರ್ತಿ ಕೇಳಿಸಿಕೊಂಡರು. ನನ್ನ ಮುಖವನ್ನೇ ನೋಡುತ್ತ ನಿಧಾನವಾಗಿ ಎಡಗೈ ಎತ್ತಿದರು. ಆ ಒಂದು ಬೆರಳು ತುಟಿಯ ಮೇಲೆ ಬಂದು ನಿಂತಿತು.

“ನೀರು ಬೇಕಾಗೈತಿ ನೋಡಪಾ ಅವರಿಗೆ” ಅಂತ ಪಾರವ್ವನವರು ಎದ್ದು ಲೋಟ ತಂದು ಕುಡಿಸಿದರು. ಮಾಸ್ತರರು ಎಲ್ಲ ನೀರನ್ನೂ ಕುಡಿದು ಕಣ್ಣು ಮುಚ್ಚಿಕೊಂಡರು.

ಅದು ಬಾಯಾರಿಕೆಯೋ, ಯಾರಿಗೂ ಹೇಳಬೇಡ ಎಂಬ ಅಪ್ಪಣೆಯೋ ನನಗೆ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ. ಆ ಕಂಪನಿ ಮುಚ್ಚಿ, ಆ ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಆ ಬೀಗವೂ ಇಲ್ಲ, ಅದು ಕಾಯುತ್ತಿದ್ದ ತಳಿಗಳೂ ಇಲ್ಲ. ಆದರೂ ಇಷ್ಟೆಲ್ಲ ಬರೆದ ನಾನು ಆ ಐದು ಅಕ್ಷರಗಳನ್ನು ಇಲ್ಲಿ ಬರೆಯಲಾರೆ.