ಒರೆಸಲು ಕೈ ಬಾರದ ಬೋರ್ಡು

ಸಿಸ್ಟರ್ ಅವರ ಬಿಳಿ ಕ್ಯಾನ್ವಾಸ್ ಬೂಟುಗಳ ಹಿಂಭಾಗ ಸದಾ ಮಡಚಿ ಚಪ್ಪಟೆಯಾಗಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಪಾದಗಳು ಊದಿಕೊಂಡು ಬೂಟಿನೊಳಗೆ ಹಿಡಿಸುತ್ತಿರಲಿಲ್ಲ. ಚಪ್ಪಲಿಯಂತೆ ಎಳೆದುಕೊಂಡೇ ಓಡಾಡುತ್ತಿದ್ದರು. ಚೆಂಬೂರಿನಲ್ಲಿ ಕನ್ನಡದವರು ನಡೆಸುತ್ತಿದ್ದ ಧರ್ಮಾರ್ಥ ದವಾಖಾನೆಗೆ ಅವರೊಬ್ಬರೇ ನರ್ಸ್. ಉಡುಪಿ ಕಡೆಯವರು, ಒಂಟಿ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಮಗಳನ್ನು ಶಾಲೆಗೆ ಬಿಟ್ಟು ನಾನು ಕೈಲಾದ ಸೇವೆಗೆಂದು ಅಲ್ಲಿಗೆ ಹೋಗುತ್ತಿದ್ದೆ. ಅಂದು ಯಾವ ಡಾಕ್ಟರು ಬರುತ್ತಾರೆಂದು ಬಾಗಿಲ ಬಳಿಯ ಕರಿಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಕಾನ್ವೆಂಟಿನಲ್ಲಿ ತಿದ್ದಿಸಿಕೊಂಡ ದುಂಡನೆಯ ಅಕ್ಷರ ನನ್ನದು. ಸುತ್ತ ಬಣ್ಣದ ಚಾಕಿನಲ್ಲಿ ಹೂಬಳ್ಳಿಯನ್ನೂ ಬಿಡಿಸುತ್ತಿದ್ದೆ.

ಒಮ್ಮೆ ಮಗಳಿಗೆ ಜ್ವರ ಬಂದು ಹೋಗಲಾಗಲಿಲ್ಲ. ಹಲಗೆಯ ಮೇಲೆ ಹಿಂದಿನ ದಿನದ ಕಣ್ಣಿನ ಡಾಕ್ಟರ ಹೆಸರೇ ಉಳಿಯಿತು. ವಿಕ್ರೋಳಿಯಿಂದ ಬಂದ ಮುದುಕಿಯೊಬ್ಬಳು ಅದನ್ನು ಯಾರಿಂದಲೋ ಓದಿಸಿಕೊಂಡು, ಬಾರದ ಡಾಕ್ಟರಿಗಾಗಿ ಸಂಜೆಯವರೆಗೆ ಕೂತಿದ್ದಳಂತೆ. ಒಳಗೆ ಮಕ್ಕಳಿಗೆ ಸೂಜಿ ಚುಚ್ಚುತ್ತಿದ್ದ ಸಿಸ್ಟರ್ ಅವಳನ್ನು ಕಂಡದ್ದು ಬಾಗಿಲು ಹಾಕುವಾಗ.

ಮರುದಿನ ನನ್ನೆದುರಿಗೇ ಬಿಜಾಪುರದ ಆಯಾಳನ್ನು ಕೇಳಿದರು. "ಒರಸ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ಅಕ್ಕಾರು ಅಷ್ಟ್ ಚಂದ ಬರ್ದಿದ್ರಲ್ರೀ, ಕೈ ಬರ್ಲಿಲ್ರೀ. ಒರಸಿದ್ರ ಮತ್ತ ಬರಿಯೋರ್ ಯಾರು?"

ಕಂಪೌಂಡರೂ ತಲೆ ಕೆರೆದುಕೊಂಡ. "ಅವರ ಅಕ್ಷರದ ಪಕ್ಕ ನನ್ನದು ಕಾಗೆ ಕಾಲು, ಸಿಸ್ಟರ್."

ಸಿಸ್ಟರ್ ಸ್ಟೂಲಿನ ಮೇಲೆ ಕುಸಿದು ಕೂತು ನನ್ನ ಕಡೆ ತಿರುಗಿದರು. "ನಿಮ್ಮ ಅಕ್ಷರಕ್ಕೆ ಎಂತ ಹೇಳುದಿಲ್ಲ ಮಾರಾಯ್ತಿ. ಆದ್ರೆ ನೀವಿಲ್ಲದಿದ್ರೆ ಬೋರ್ಡು ನಡೆಯುದಿಲ್ಲ, ನಾನಿಲ್ಲದಿದ್ರೆ ದವಾಖಾನೆ ನಡೆಯುದಿಲ್ಲ ಅಂತಾದ್ರೆ ಹೇಗೆ? ನಂಗೆ ಸಾಕಾಗಿದೆ."

ಸುದ್ದಿ ತಿಳಿದ ದವಾಖಾನೆ ಸಮಿತಿಯ ಅಧ್ಯಕ್ಷರು ಪ್ಲಾಸ್ಟಿಕ್ ಅಕ್ಷರ ಸಿಕ್ಕಿಸಿ ಬೀಗ ಹಾಕುವ ಗಾಜಿನ ಪೆಟ್ಟಿಗೆ ತರಿಸಿದರು. ಸಿಸ್ಟರ್ ಅದನ್ನು ಆಯಾಳ ಕೈಗೇ ಕೊಟ್ಟು ನೋಡಿದರು. ಅಕ್ಷರಗಳೆಲ್ಲ ಅವಳ ಮಡಿಲಿಗೆ ಉದುರಿದವು. ಪೆಟ್ಟಿಗೆ ಕಪಾಟಿನ ಮೇಲೇರಿತು.

ಆಮೇಲೆ ಸಿಸ್ಟರ್ ಕುರ್ಲಾದ ಪೇಂಟರನಿಂದ ತಗಡಿನ ಫಲಕಗಳನ್ನು ಮಾಡಿಸಿದರು. ಒಂದರ ಮೇಲೆ ಕಣ್ಣು, ಒಂದರ ಮೇಲೆ ಹಲ್ಲು, ಇನ್ನೊಂದರ ಮೇಲೆ ತೊಟ್ಟಿಲು. ಡಾಕ್ಟರು ಬಂದರೆ ಮೊಳೆಗೆ ನೇತುಹಾಕುವುದು, ಹೋದರೆ ತೆಗೆಯುವುದು, ಅಷ್ಟೆ. "ಹಾಕು ನೋಡುವ" ಎಂದರು. ಆಯಾಳಿಗೆ ಮೊಳೆ ಎಟುಕಲಿಲ್ಲ. ಸಿಸ್ಟರ್ ತಾವೇ ಅದನ್ನು ಕಿತ್ತು, ಕೆಳಗೆ ಹೊಡೆದರು.

ಅಧ್ಯಕ್ಷರು ನಕ್ಕರು. "ಏನು ಸಿಸ್ಟರ್, ಇದು ದವಾಖಾನೆಯೋ ಬಾಲವಾಡಿಯೋ?"

"ಬಾಲವಾಡಿಯೇ ಸರ್. ನಿಮ್ಮ ಪೆಟ್ಟಿಗೆಯ ಕೀ ಎಲ್ಲುಂಟು?"

ಕೀ ಅವರ ಮನೆಯಲ್ಲಿತ್ತು.

ನನಗೆ ಒಳಗೊಳಗೇ ಬೇಸರವಾಗಿತ್ತು. ಸಿಸ್ಟರಿಗೆ ಅದು ತಿಳಿಯದೆ ಇರಲಿಲ್ಲ. ರೋಗಿಗಳ ಬೆಂಚು ತೋರಿಸಿ, "ಅಲ್ಲಿ ಕೂತು ಅವರ ಹತ್ರ ಮಾತಾಡಿ. ಬೋರ್ಡಿಗೆ ಅದು ಬರುದಿಲ್ಲ" ಎಂದರು. ಈ ಊರಿನ ಜನರನ್ನು ನಾನು ನಿಜವಾಗಿ ಕಂಡದ್ದು ಆ ಬೆಂಚಿನ ಮೇಲೆ. ನನ್ನ ಹರಕು ಮುರುಕು ಮರಾಠಿಯೂ ಅಲ್ಲಿಯದೇ.

ಕೆಲವು ವರ್ಷಗಳ ನಂತರ ಸಿಸ್ಟರೇ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. ನಾನು ಇಡ್ಲಿ ಕಟ್ಟಿಕೊಂಡು ಹೋಗಿದ್ದೆ. ಅವರು ಡಬ್ಬಿಯ ಕಡೆ ನೋಡಲಿಲ್ಲ.

"ಇವತ್ತು ಯಾರೆಲ್ಲ ಬಂದಿದ್ರು?"

"ಹಲ್ಲಿನ ಡಾಕ್ಟ್ರು, ಮಕ್ಕಳ ಡಾಕ್ಟ್ರು."

"ಯಾರಾದ್ರೂ ಸುಮ್ಮನೆ ಕಾದು ಹೋದ್ರಾ?"

"ಇಲ್ಲ ಸಿಸ್ಟರ್."

"ನನ್ನನ್ನು ಕೇಳಿದ್ರಾ?"

ಎಲ್ಲರೂ ಕೇಳಿದರು ಎಂದು ಹೇಳಿಬಿಡೋಣವೆನಿಸಿತು. ಅವರ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲ. ಎಲ್ಲ ತಾನಾಗಿ ನಡೀತು" ಎಂದೆ.

ಅವರು ಗೋಡೆಯ ಕಡೆ ಹೊರಳಿದರು. ಆಗ ಅವರು ಆಡಿದ್ದೇ ನಾನು ಕೇಳಿದ ಅವರ ಕೊನೆಯ ಮಾತು.

"ಹಾಗಾದ್ರೆ ಸ್ವಲ್ಪ ಮಲಗ್ತೇನೆ."