ಅಳಿಸಿದ ಮೇಲೂ ಇದ್ದ ಆಯ್ಕೆಗಳು

ಆ ಪರದೆಯ ಮೇಲೆ ಕಂಡದ್ದು ಐವತ್ತಲ್ಲ, ನೂರೇ ಇರಬೇಕು. ಬರೆಯುವಾಗಲೇ ಅನುಮಾನ: ಇಷ್ಟು ವರ್ಷ ತಿರುಗಿಸಿ ತಿರುಗಿಸಿ, ನನಗೆ ಬೇಕಾದ ಸಂಖ್ಯೆಯನ್ನು ನಾನೇ ಅಲ್ಲಿ ಕೂರಿಸಿರಬಹುದು. ಇಂಥದ್ದನ್ನು ಬೇರೆಯವರು ಹೇಳಿದಾಗ ನಂಬದೆ ನಕ್ಕವನು ನಾನು. ನೀವೂ ನಗಬಹುದು.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು. ಮುಳಬಾಗಿಲಿಗೆ ಬ್ರೌಸಿಂಗ್ ಸೆಂಟರ್ ಬಂದು ಹೆಚ್ಚು ಕಾಲವಾಗಿರಲಿಲ್ಲ. ನನ್ನ ತಮ್ಮ ರಘು ದಿನವೂ ಅಲ್ಲಿರುತ್ತಿದ್ದ. ಯಾವ ಕಂಪ್ಯೂಟರಿನ ಮುಂದೆ ಕೂತರೂ ಮೊದಲು ಸರ್ಚ್ ಎಂಜಿನ್ನಿನ ಆಯ್ಕೆಗಳಿಗೆ, ಅಂದರೆ ಸೆಟ್ಟಿಂಗ್ಸ್ ಪುಟಕ್ಕೆ, ಹೋಗಿ ಎರಡನ್ನು ಬದಲಿಸಿ ಸೇವ್ ಮಾಡುತ್ತಿದ್ದ. ಪುಟಕ್ಕೆ ಹತ್ತರ ಬದಲು ನೂರು ಫಲಿತಾಂಶ. ಲೈನ್ ನಿಧಾನ, ಪುಟ ತುಂಬುವಷ್ಟರಲ್ಲಿ ಟೀ ಕುಡಿದು ಬರುತ್ತಿದ್ದ. ಇನ್ನೊಂದು, ಭಾಷೆ ತೆಲುಗು. ಆ ಯಂತ್ರಗಳಲ್ಲಿ ತೆಲುಗು ಅಕ್ಷರವೇ ಇರಲಿಲ್ಲ. ಪರದೆಯ ತುಂಬ ಖಾಲಿ ಚೌಕಗಳು.

"ಏನ್ಲಾ ಇದು, ಓದೋದು ಹೆಂಗೆ?" ಎಂದಿದ್ದೆ.

"ಓದೋಕೆ ಯಾಕಣ್ಣ? ಬಟನ್ ಎಲ್ಲಿದೆ ಅಂತ ಗೊತ್ತಿದ್ರೆ ಸಾಕು. ಹಿಂದೆ ನಿಂತು ಇಣುಕೋರಿಗೆ ಏನೂ ಸಿಗಲ್ಲ. ನಿಂಗೂ ಅಷ್ಟೇ."

ಅವನೆದ್ದ ಮೇಲೆ ಅಲ್ಲಿ ಕೂರುತ್ತಿದ್ದವನು ನಾನೇ. ಬೈದುಕೊಂಡು ಇಂಗ್ಲಿಷಿಗೆ, ಹತ್ತಕ್ಕೆ ತರುತ್ತಿದ್ದೆ.

ಒಂದು ದಿನ ನೆಂಟರೆದುರು, ಕೆಲಸ ಹುಡುಕುತ್ತಿದ್ದೇನೆಂದು ಸುಳ್ಳು ಹೇಳಬೇಡ ಎಂದು ಅವನಿಗೆ ಅಂದುಬಿಟ್ಟೆ. ಮರುದಿನ ಅವನು ಮನೆಯಲ್ಲಿರಲಿಲ್ಲ. ಐದು ತಿಂಗಳು ಸುದ್ದಿಯಿಲ್ಲ. ನಾನು ಚಪ್ಪಲಿ ಬಿಡುವ ಸದ್ದಿಗೇ ಅಮ್ಮ ಒಳಗಿನಿಂದ, "ಏನಾದ್ರೂ ಗೊತ್ತಾಯ್ತೇನೋ?" ಎನ್ನುತ್ತಿದ್ದಳು.

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡೆ ಎಂದು ಯಾರೋ ಹೇಳಿದರು. ಸೋಮವಾರ ಬೆಳಿಗ್ಗೆ ಹೋದೆ. ಅಲ್ಲೆಲ್ಲೂ ಅವನಿರಲಿಲ್ಲ. ಮೇಲ್ ಆದರೂ ಬರೆದಿರಬಹುದೆಂದು ಮಾವಿನ ಮಂಡಿಯ ಬಳಿಯ ಬ್ರೌಸಿಂಗ್ ಸೆಂಟರಿಗೆ ನುಗ್ಗಿದೆ. ಅದನ್ನು ನಡೆಸುತ್ತಿದ್ದ ನಾಗವೇಣಿ ಆಗಷ್ಟೇ ಶಟರ್ ಎತ್ತಿದ್ದರು. ಬ್ರೌಸರ್ ತೆರೆದೆ. ಸರ್ಚ್ ಪುಟ ಬಂತು. ಚೌಕಗಳು. ಆಯ್ಕೆಗಳಿಗೆ ಹೋದೆ. ನೂರು.

ಅಲ್ಲಿ ನನ್ನ ಕೈ ತಪ್ಪು ಮಾಡಿತು. ಹಳೆಯ ಅಭ್ಯಾಸ: ಇಂಗ್ಲಿಷ್, ಹತ್ತು, ಸೇವ್. ಅಳಿಸಿದ ಮೇಲೆ ಹೊಳೆಯಿತು: ಅವು ರಘುವಿನ ಆಯ್ಕೆಗಳು.

"ಇಲ್ಲಿ ಯಾರು ಕೂತಿದ್ರು?"

"ಯಾರೂ ಇಲ್ಲ ಸಾರ್, ಇವತ್ತು ಬೋಣಿನೇ ನೀವು. ಶನಿವಾರ ಹಿಸ್ಟರಿ, ಸೆಟ್ಟಿಂಗ್ ಎಲ್ಲಾ ಅಳಿಸೇ ಬೀಗ ಹಾಕಿದ್ದು. ಒಬ್ರ ಮೇಲ್ ಇನ್ನೊಬ್ರು ನೋಡ್ಬಿಟ್ರೆ ನನ್ ತಲೆಗೆ ಬರುತ್ತೆ. ನಿನ್ನೆ ರಜ."

ಫೋಟೋ ತೋರಿಸಿದೆ. ಈ ಮುಖ ಕಂಡೇ ಇಲ್ಲ ಎಂದರು.

ಅವರು ಅಳಿಸಲು ಮರೆತಿರಬಹುದು. ಯಾರೋ ತೆಲುಗಿನವರು ಕೂತಿರಬಹುದು. ಆದರೆ ಜೊತೆಗೆ ನೂರೂ? ಸಾಕ್ಷಿಯನ್ನು ಅಳಿಸಿದವನೂ ನಾನೇ. ಮೊದಲೇ ಇತ್ತೋ, ನಾನೇ ಹುಚ್ಚಿನಲ್ಲಿ ಹಾಕಿ ತೆಗೆದೆನೋ, ಯಾರನ್ನು ಕೇಳಲಿ? ಮೇಲ್ ನೋಡಿದೆ, ಏನೂ ಬಂದಿರಲಿಲ್ಲ. ತೆಲುಗು, ನೂರು ಎಂದು ಮತ್ತೆ ಸೇವ್ ಮಾಡಿ, ಇದೊಂದನ್ನು ಅಳಿಸಬೇಡಿ ಎಂದು ಬೇಡಿಕೊಂಡೆ. ನಾಗವೇಣಿ ನನ್ನನ್ನು ವಿಚಿತ್ರವಾಗಿ ನೋಡಿ ಒಪ್ಪಿದರು. ಮುಂದಿನ ಸೋಮವಾರ ಹೋದಾಗ ಹಾಗೇ ಇತ್ತು. ಆದರೆ ಈಗ ಅದನ್ನಿಟ್ಟವನು ನಾನು, ಅವನಲ್ಲ.

ಆ ಮೊದಲ ಸೋಮವಾರ ಮನೆಗೆ ಬಂದು ಚಪ್ಪಲಿ ಬಿಟ್ಟಾಗ ಅಮ್ಮ ಎಂದಿನಂತೆ ಕೇಳಿದಳು. "ಇದ್ದಾನೆ" ಎಂದೆ. ಎಲ್ಲಿ ಎಂದು ಅವಳು ಕೇಳಲಿಲ್ಲ. ಮರುದಿನದಿಂದ ಪ್ರಶ್ನೆಯೇ ನಿಂತುಹೋಯಿತು. ರಘು ಇವತ್ತಿಗೂ ಬಂದಿಲ್ಲ. ಇದ್ದಾನೆ ಎಂದು ಆ ದಿನ ಯಾವ ಧೈರ್ಯದಿಂದ ಹೇಳಿದೆನೋ ನನಗೆ ಗೊತ್ತಿಲ್ಲ.